ಮಾಣಿಕಪ್ಪ ಹೇಳಿದ ‘ಮನಾ’

ಮಾಣಿಕಪ್ಪನಿಗೆ ಗದರಿಸಲು ಬರುತ್ತಿರಲಿಲ್ಲ. ಕಾಡು ಕಾಯುವ ನೌಕರಿಗೆ ಸೇರಿದವನಿಗೆ ಇದು ದೊಡ್ಡ ಕೊರತೆಯೇ. ಅವನು ಶಹಾಬಾದ ಹತ್ತಿರದ ಭಂಕೂರಿನವನು; ಹಿರಿಯರೆಲ್ಲ ಕಾಗಿಣಾ ನದಿಯಲ್ಲಿ ಬಲೆ ಬೀಸಿ ಬದುಕಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಆ ಉರ್ದುವಿನ ಬಲದಿಂದಲೇ ೧೯೫೦ರ ಬೇಸಿಗೆಯಲ್ಲಿ ಅವನಿಗೆ ಖಾಕಿ ಅಂಗಿ ಸಿಕ್ಕಿತು. ಹೆಂಡತಿ ಭೀಮಮ್ಮನನ್ನು ಕರೆದುಕೊಂಡು ಚಿಂಚೋಳಿ ತಾಲ್ಲೂಕಿನ ಕುಂಚಾವರಂಗೆ ಹೋದ.

ಅಲ್ಲಿ ಕಾಡಿನೊಳಗೆ ಚದುರಿದ ಹಟ್ಟಿಗಳಲ್ಲಿ ತೆಲುಗೇ ಹೆಚ್ಚು. ಮಾಣಿಕಪ್ಪನಿಗೆ ಬರುತ್ತಿದ್ದ ತೆಲುಗು ಹೌದು, ಇಲ್ಲ ಎನ್ನುವಷ್ಟು. ಅವನ ಮೇಲಧಿಕಾರಿ ದರೋಗಾ ಹಣಮಂತರಾಯರು, ಹಸಿ ಮರ ಕಡಿಯುವುದು ಮನಾ, ಎಲ್ಲರಿಗೂ ತಿಳಿಸು ಎಂದು ಅಪ್ಪಣೆ ಕೊಟ್ಟಿದ್ದರು. ಉರ್ದುವಿನಲ್ಲಿ ಮನಾ ಎಂದರೆ ಕೂಡದು. ಭಂಕೂರಿನ ಕನ್ನಡದಲ್ಲೂ ಆ ಮಾತು ಹಾಗೇ ಬಳಕೆಯಲ್ಲಿತ್ತು. ಎಲ್ಲರಿಗೂ ಗೊತ್ತಿರುವ ಶಬ್ದವೆಂದೇ ಅವನು ನಂಬಿದ್ದ.

ಮೊದಲ ದಿನ ಕಾಡಂಚಿನ ದಾರಿಯಲ್ಲಿ ನಾಲ್ಕೈದು ಹೆಂಗಸರು ಕೊಡಲಿ ಹಿಡಿದು ಬಂದರು. ಮುಂದಿದ್ದವಳು ಮೊಗಲಮ್ಮ, ಐವತ್ತು ದಾಟಿದ ವಿಧವೆ. ಮಾಣಿಕಪ್ಪ ಅಡ್ಡ ನಿಂತು, ಕಾಡಿನ ಈ ತುದಿಯಿಂದ ಆ ತುದಿಯವರೆಗೆ ಕೈಬೀಸಿ ತೋರಿಸಿ “ಮನಾ” ಎಂದ. ಮೊಗಲಮ್ಮ ಅವನ ಖಾಕಿ ಅಂಗಿಯನ್ನೂ ಮುಖವನ್ನೂ ನೋಡಿದಳು. ಆಮೇಲೆ ನಕ್ಕು, “ಅವುನಯ್ಯಾ, ಮನದೇ” ಎಂದಳು. ಅವುನು ಎಂದರೆ ಹೌದು. ಒಪ್ಪಿಕೊಂಡಳು ಎಂದು ಮಾಣಿಕಪ್ಪ ದಾರಿ ಬಿಟ್ಟ.

ಅಂದಿನಿಂದ ಆ ಹೆಂಗಸರು ಅವನನ್ನು ಕಂಡರೆ ಮರೆಯಾಗುತ್ತಿರಲಿಲ್ಲ. ಸೀತಾಫಲದ ಕಾಲದಲ್ಲಿ ಹಣ್ಣು ತಂದುಕೊಟ್ಟರು. ಭೀಮಮ್ಮ ಜ್ವರ ಬಂದು ಮಲಗಿದಾಗ ಮೊಗಲಮ್ಮ ಮೂರು ದಿನ ಗಂಜಿ ಕಾಯಿಸಿ ತಂದಳು. ಅವನು ನೆನಪಾದಾಗಲೆಲ್ಲ ಕಾಡಿನ ಕಡೆ ಕೈ ತೋರಿಸಿ ಅದೇ ಮಾತು ಹೇಳುವನು; ಅವರು ತಲೆಯಾಡಿಸುವರು. ಅವರ ತಲೆಮೇಲಿನ ಹೊರೆಯಲ್ಲಿ ಇರುವುದೆಲ್ಲ ಒಣ ಕಟ್ಟಿಗೆ ಎಂದೇ ಅವನು ತಿಳಿದಿದ್ದ.

ಮರುವರ್ಷ ಮಳೆ ಶುರುವಾಗುವ ಮುನ್ನ ಮೊಗಲಮ್ಮನ ಗುಡಿಸಲಿನ ತೊಲೆ ಮುರಿಯಿತು. ಅವಳು ಹಗಲಿನಲ್ಲೇ ಹೋಗಿ ಒಂದು ಎಳೆ ತೇಗದ ಮರ ಕಡಿದಳು. ಗಸ್ತಿಗೆ ಬಂದಿದ್ದ ಹಣಮಂತರಾಯರು ಅದನ್ನು ಕಂಡು ಕೊಡಲಿ ಜಪ್ತಿ ಮಾಡಿದರು. ಇವಳಿಗೆ ಮೊದಲೇ ತಿಳಿಸಿದ್ದೆಯಾ ಎಂದು ಮಾಣಿಕಪ್ಪನನ್ನು ಕೇಳಿದರು. ಹತ್ತು ಸಲ ಹೇಳಿದ್ದೇನೆ ಎಂದ. ಹೇಳಿದ ಮೇಲೂ ಕಡಿದಳೆಂದರೆ ಜೈಲೇ ಎಂದರು ದರೋಗಾ.

ವಿಚಾರಣೆ ಚಿಂಚೋಳಿಯಲ್ಲಿ, ತಹಸೀಲ್ದಾರರ ಮುಂದೆ. ಅವರಿಗೆ ತೆಲುಗು ಬಾರದು. ಕಚೇರಿಯ ಹೊರಗೆ ಅರ್ಜಿ ಬರೆಯುತ್ತಿದ್ದ ಅಬ್ದುಲ್ ಕರೀಮ್ ಎಂಬಾತನನ್ನು ಕರೆಸಿದರು. ಅವನಿಗೆ ನಾಲ್ಕು ಭಾಷೆ ಗೊತ್ತು. ಮೊಗಲಮ್ಮ ಹೇಳಿದ್ದನ್ನು ಅಬ್ದುಲ್ ಕರೀಮ್ ಕೇಳಿದ. ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ತಹಸೀಲ್ದಾರರ ಕಡೆ ತಿರುಗಿದ. ಕಾಡು ನಮ್ಮದು ಎಂದು ಈ ಕಾವಲುಗಾರನೇ ಹೇಳಿದನಂತೆ, ತೆಲುಗಿನಲ್ಲಿ ‘ಮನ’ ಅಂದರೆ ನಮ್ಮದು ಎಂದು ವಿವರಿಸಿದ.

ಹಣಮಂತರಾಯರು ಅದನ್ನು ಒಪ್ಪಲಿಲ್ಲ. ಮನಾ ಅಂದರೆ ಏನೆಂದು ನಿಜಾಮರ ಕಾಲದಿಂದ ಎಲ್ಲರಿಗೂ ಗೊತ್ತು, ಇವಳದು ನಾಟಕ ಎಂದರು. ಸಂತೆಗೆ ಹೋಗಿಬರುವ ಗಂಡಸರಿಗೆ ಗೊತ್ತಿರಬಹುದು, ಹಟ್ಟಿ ಬಿಟ್ಟು ಹೋಗದ ಹೆಂಗಸರಿಗೆ ಗೊತ್ತಿರಲಿಕ್ಕಿಲ್ಲ ಎಂದ ಅಬ್ದುಲ್ ಕರೀಮ್. ಕಡೆಗೆ ಎಲ್ಲರೂ ಮಾಣಿಕಪ್ಪನನ್ನು ನೋಡಿದರು. ಕೈಯಾಡಿಸಿ, ಕೊಡಲಿ ತೋರಿಸಿ, ಕಡಿಯಬೇಡ ಎಂದು ಬಿಡಿಸಿ ಹೇಳಿದ್ದೆ ಅನ್ನು ಎಂದು ದರೋಗಾ ಹಿಂದಿನ ದಿನವೇ ಅವನಿಗೆ ಕಲಿಸಿದ್ದರು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುತ್ತ ಭೀಮಮ್ಮ ಮಾತ್ರ, “ಏನ್ ಅಂದೀರಂತ ನಿಮ್ಮ ಮನಕ್ಕ ಗೊತ್ತದ, ಅದನ್ನೇ ಹೇಳ್ರಿ” ಎಂದಿದ್ದಳು.

ಮಾಣಿಕಪ್ಪ ಒಂದು ಹೆಜ್ಜೆ ಮುಂದೆ ಬಂದ. “ಮನಾ ಅಂದೀನ್ರಿ ಸಾಹೇಬ್ರ. ಅದೊಂದೇ ಮಾತು. ಕೊಡಲಿ ತೋರ್ಸಿಲ್ಲ, ಕಾಡು ತೋರ್ಸೀನಿ. ಆಕಿ ಹೌದು ಅಂದಳು. ತಪ್ಪು ನಂದದ.”

ಮೊಗಲಮ್ಮನನ್ನು ಬಿಟ್ಟು ಕಳಿಸಿದರು, ಕೊಡಲಿಯನ್ನೂ ಮರಳಿಸಿದರು. ಮಾಣಿಕಪ್ಪನ ನೌಕರಿಯ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು. ಆ ಸಾಲಿನಿಂದಾಗಿ ಅವನಿಗೆ ಎಷ್ಟೋ ವರ್ಷ ಬಡ್ತಿ ಬರಲಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಅಬ್ದುಲ್ ಕರೀಮ್ ಬಂದು ಪಕ್ಕ ಕುಳಿತ. “ತೆಲುಗಿನ್ಯಾಗ ನಮ್ದು ಅನ್ನಾಕ ಎರಡು ಮಾತವ” ಎಂದ. “ಮಾ ಅಂದ್ರ ನಮ್ದು, ನಿಮ್ದಲ್ಲ. ಮನ ಅಂದ್ರ ನಮ್ದು, ನಿಮ್ದೂ. ಖಾಕಿ ಹಾಕ್ಕೊಂಡವ್ರು ಯಾರೂ ಅವ್ರಿಗಿ ಹಂಗ ಅಂದಿದ್ದಿಲ್ಲ.”

ಸೀತಾಫಲ, ಗಂಜಿ ಎಲ್ಲ ಯಾತಕ್ಕೆ ಬಂದವೆಂದು ಮಾಣಿಕಪ್ಪನಿಗೆ ಆಗ ತಿಳಿಯಿತು. ನಾಚಿಕೆಯೂ ಆಯಿತು, ಸಂಕಟವೂ ಆಯಿತು.

ಮರುದಿನ ಅವನೇ ಮೊಗಲಮ್ಮನ ಮನೆಗೆ ಹೋಗಿ ಕಡಿಯಬೇಡಿ ಎನ್ನುವ ತೆಲುಗು ಮಾತನ್ನು ಕೇಳಿ ಕಲಿತ. ‘ಕೊಟ್ಟೊದ್ದು’ ಎಂದು ಅವಳೇ ಹೇಳಿಕೊಟ್ಟಳು, ನಗದೆ. ಅದನ್ನು ಅವನು ಹಟ್ಟಿ ಹಟ್ಟಿಗೂ ಹೋಗಿ ಹೇಳಿದ. ಈ ಸಲ ಸರಿಯಾಗಿ ಅರ್ಥವಾಯಿತು. ಹೆಂಗಸರು ಬೇರೆ ದಾರಿ ಹಿಡಿದರು. ಎರಡು ತಿಂಗಳು ಅವನ ಮನೆ ಕಡೆ ಯಾರೂ ಸುಳಿಯಲಿಲ್ಲ. ಭೀಮಮ್ಮ ಬಾವಿಗೆ ಹೋದರೂ ಮಾತಾಡುವವರಿಲ್ಲ. ಮಾಣಿಕಪ್ಪ ಅಬ್ದುಲ್ ಕರೀಮನಿಂದ ಅರ್ಜಿಯ ಮೇಲೆ ಅರ್ಜಿ ಬರೆಸಿದ. ವಿಚಾರಣೆಯ ಬಳಿಕ ದರೋಗಾ ಒಣ ಕಟ್ಟಿಗೆಯನ್ನೂ ನಿಲ್ಲಿಸಿದ್ದರು; ವಾರಕ್ಕೆ ಎರಡು ದಿನ ಅದನ್ನು ಆರಿಸಲು ಬಿಡಬೇಕೆಂದು ಕೇಳಿದ. ಮೂರನೆಯ ಅರ್ಜಿಗೆ ಹಣಮಂತರಾಯರು ಬೇಸತ್ತು ಒಂದು ದಿನಕ್ಕೆ, ಸೋಮವಾರಕ್ಕೆ, ಒಪ್ಪಿದರು. ಆ ಮೊದಲ ಸೋಮವಾರ ಹೆಂಗಸರು ಹಿಂಜರಿಯುತ್ತಲೇ ಬಂದರು. ಅವನೇ ಮುಂದೆ ನಡೆದು, ಬಿದ್ದ ಕೊಂಬೆಗಳಿರುವ ಕಡೆ ಕರೆದೊಯ್ದ.

೧೯೫೬ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಅವನಿಗೆ ಚಿತ್ತಾಪುರದ ಕಡೆ ವರ್ಗವಾಯಿತು. ಅವನ ಜಾಗಕ್ಕೆ ಬಂದ ದೇವೀಂದ್ರಪ್ಪ ಕಾಳಗಿಯವನು, ತೆಲುಗು ಬಾರದವನು. ಹೊರಡುವ ದಿನ ಭೀಮಮ್ಮ ಸಾಮಾನೆಲ್ಲ ಬಂಡಿಗೆ ಹೇರಿ ಕುಳಿತಿದ್ದಳು. ಮಾಣಿಕಪ್ಪ ಮಾತ್ರ ಇನ್ನೂ ಮೊಗಲಮ್ಮನ ಅಂಗಳದಲ್ಲಿ ಹೊಸಬನನ್ನು ಹೆಂಗಸರೆದುರು ನಿಲ್ಲಿಸಿಕೊಂಡು, ಒಣಗಿದ್ದು, ಹಸಿಯದು, ಸೋಮವಾರ ಎನ್ನುವುದಕ್ಕೆ ಒಂದೊಂದಾಗಿ ತೆಲುಗು ಮಾತು ಹೇಳಿಸುತ್ತಿದ್ದ. ಹೊಸಬ ತಪ್ಪಿದಾಗಲೆಲ್ಲ ಹೆಂಗಸರು ತಿದ್ದುತ್ತಿದ್ದರು.