ಹಾಲು ಬಂದ ಬಳ್ಳಿ

ಬೆಳಿಗ್ಗೆ ಮೊಮ್ಮಗಳು, ನಾನು ತವರಿನಿಂದ ತಂದು ನೆಟ್ಟ ಅತ್ತಿಬಳ್ಳಿಯ ಎಲೆ ಕಿತ್ತಳು. ಅವಳ ಬೆರಳಿಗಂಟಿದ ಹಾಲಿನ ಹಸಿ ವಾಸನೆಗೆ ನಾನು ಮತ್ತೆ ಹತ್ತು ವರ್ಷದ ಹುಡುಗಿಯಾದೆ.

ಬೆಳಗೊಳದ ಚಿಕ್ಕಮ್ಮನ ಮನೆಯಿಂದ ಅದರ ತುಂಡನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತವರೂರು ಬಿಂಡಿಗನವಿಲೆಗೆ ತಂದವಳೂ ನಾನೇ. ಅದು ಗೋಡೆ ಹಿಡಿದು ಟೀವಿ ಆಂಟೆನಾದವರೆಗೂ ಹತ್ತಿತ್ತು. ಸೋದರತ್ತೆಯ ಮದುವೆಗೆ ಸುಣ್ಣ ಬಳಿಯಬೇಕೆಂದು ಅಪ್ಪ ಅದನ್ನು ಕಡಿಯಲು ಮಚ್ಚು ಹಿಡಿದ. ನಾನು ಅಳುತ್ತ ಅಡ್ಡ ನಿಂತೆ.

ಅಜ್ಜಿ ಬಂದು ಎಲೆ ಮುರಿದು, ಜಿನುಗಿದ ಹಾಲನ್ನು ಅಪ್ಪನಿಗೆ ತೋರಿಸಿದಳು. "ಲೇ, ಆಲು ಬತ್ತದೆ ಕಣ್ಲಾ! ಚಪ್ಪರದ ಆಲುಗಂಬಕ್ಕೆ ಆಲು ಬರೋ ಮರ ಬೇಕು ಅಂತ ಊರೆಲ್ಲ ಅಲೀತಿದ್ಯಲ್ಲ, ಮನೇಲೇ ಐತೆ."

"ಬಳ್ಳಿ ಎಂಗವ್ವಾ ಕಂಬ ಆಯ್ತದೆ?" ಎಂದ ಅಪ್ಪ.

"ನೀನು ಮನೆ ಯಜಮಾನ ಆಗಿಲ್ವಾ? ಅಂಗೇ ಇದೂ ಆಯ್ತದೆ ಬುಡು."

ಅಪ್ಪ ಒಂದು ಕವಲನ್ನು ಬಿದಿರಿಗೆ ಸುತ್ತಿ ಮದುವೆ ಚಪ್ಪರದ ಹಾಲುಗಂಬವೆಂದು ನೆಟ್ಟ. ಉಳಿದ ಬಳ್ಳಿಯ ಸುತ್ತ ಸುಣ್ಣ ಬಳಿದ.

ಮುಂದಿನ ವಾರ ನನ್ನ ಕಿರಿಮಗಳ ಮದುವೆ. ಬಿದಿರು ತಂದಾಗಿದೆ. ಯಾವ ಕವಲು ಬೇಕೆಂದು ಮೊಮ್ಮಗಳೇ ಹೇಳಲಿ.