ಉಡಿ ಹರಿವಾಣದ ಮುಸುಕು

ನನಗೆ ಕ್ರೋಶಾ ಹೆಣಿಕೆ ಕಲಿಸಿದವಳು ತೀರಿಹೋದ ನನ್ನ ದೊಡ್ಡಪ್ಪನ ಮಗಳು. ಕಲಿಸಿದಳು ಎನ್ನುವುದಕ್ಕಿಂತ, ಕಲಿಸಲು ಹೆಣಗಿದಳು ಎನ್ನಬೇಕು. ಅಕ್ಕನನ್ನು ಗದಗಿಗೆ ಕೊಟ್ಟಿದ್ದರು. ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಯಲಬುರ್ಗಿಯ ನಮ್ಮ ಮನೆಗೆ ಬಂದಳು. ಬರುವಾಗ ತಂದದ್ದು ಒಂದು ಸಣ್ಣ ಟ್ರಂಕು, ಮತ್ತೆ ಅಲ್ಲಿನ ನೆರೆಮನೆಯಾಕೆಯಿಂದ ಕಲಿತ ಈ ವಿದ್ಯೆ. ಆಗ ಅವಳಿಗೆ ಇಪ್ಪತ್ತೆರಡು, ನನಗೆ ಹದಿನಾಲ್ಕು.

ಯುದ್ಧದ ಕಾಲ. ನೂಲಿನ ಉಂಡೆ ಸಿಗುವುದೇ ಕಷ್ಟ, ಸೂಜಿಯ ಮಾತಂತೂ ದೂರ. ಅಕ್ಕ ತನ್ನ ಸೂಜಿಯನ್ನು ನನಗೆ ಕೊಟ್ಟು, ಮುರಿದ ಛತ್ರಿಯ ಕಡ್ಡಿಯೊಂದರ ತುದಿಯನ್ನು ಪತ್ತಾರನ ಕೈಯಲ್ಲಿ ಕೊಕ್ಕೆ ಮಾಡಿಸಿ ತಾನು ಇಟ್ಟುಕೊಂಡಳು.

ಮೊದಲ ಪಾಠ ಸರಪಳಿ. ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋಗುವುದು, ಅಷ್ಟೇ. ನಾನು ಹುಟ್ಟಾ ಸಿಡುಕಿ. ಎತ್ತಿಗೆ ಹಗ್ಗ ಬಿಗಿದಂತೆ ನೂಲು ಬಿಗಿಯುತ್ತಿದ್ದೆ. ಮುಂದಿನ ಸಾಲಿಗೆ ಬಂದಾಗ ಆ ಕುಣಿಕೆಗಳೊಳಗೆ ಸೂಜಿಯೇ ತೂರುತ್ತಿರಲಿಲ್ಲ. ಕೈ ಸಡಿಲ ಬಿಡು ಎಂದು ಅಕ್ಕ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಆಮೇಲೆ ಕಂಬದ ಪಾಠ. ಸೂಜಿಗೆ ನೂಲನ್ನು ಒಂದು ಸುತ್ತು ಹಾಕಿ, ಕೆಳಗಿನ ಕುಣಿಕೆಗೆ ಚುಚ್ಚಿ ಎಳೆದು, ಎರಡೆರಡಾಗಿ ಬಿಡಿಸಿದರೆ ಒಂದು ಕಂಬ ಏಳುತ್ತದೆ. ಇಪ್ಪತ್ತು ಕಂಬಕ್ಕೆ ಒಂದು ಸಾಲು. ಸಾಲಿನ ಕೊನೆಯ ಕಂಬ ಅಂಚಿನಲ್ಲಿ ಅಡಗಿಕೊಂಡಿರುತ್ತದೆ, ಎಣಿಸದಿದ್ದರೆ ತಪ್ಪಿಹೋಗುತ್ತದೆ. ಎಣಿಸುವ ತಾಳ್ಮೆ ನನಗೆಲ್ಲಿಯದು? ಸಾಲಿಗೊಂದು ಕಂಬ ಕಳೆಯುತ್ತ ಹೋಗಿ, ಚೌಕವಾಗಬೇಕಾದದ್ದು ಮೂರು ಮೂಲೆಯದಾಗುತ್ತಿತ್ತು. ಅಕ್ಕ ನಗುತ್ತ ಎಲ್ಲವನ್ನೂ ಬಿಚ್ಚಿ ಅದೇ ನೂಲನ್ನು ಮತ್ತೆ ಸುತ್ತಿ ಕೊಡುತ್ತಿದ್ದಳು. ಬಿಚ್ಚಿ ಬಿಚ್ಚಿ ಆ ಬಿಳಿಯ ನೂಲು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅಷ್ಟರಲ್ಲಿ ಗಂಗಾವತಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಕೈಕೆಲಸ ಬಲ್ಲ ಹುಡುಗಿ ಎಂದು ಅವ್ವ ಆಗಲೇ ಹೇಳಿ ಕಳಿಸಿಬಿಟ್ಟಿದ್ದಳು. ಹರಿವಾಣಕ್ಕೆ ಹಾಕುವಂಥ ಒಂದು ಮುಸುಕು ಹೆಣೆದಿಡು ಎಂದು ನನಗೆ ತಾಕೀತು ಮಾಡಿದಳು. ಎರಡು ದಿನ ಉಳಿದಾಗಲೂ ನನ್ನ ಕೈಯಲ್ಲಿದ್ದದ್ದು ಅದೇ ಮೂರು ಮೂಲೆಯ ಚಿಂದಿ. ಅಕ್ಕನ ಟ್ರಂಕಿನಲ್ಲಿ ಎಂಟು ಎಸಳಿನ ಹೂವಿನ ಮುಸುಕೊಂದು ಇತ್ತು. ಅದನ್ನು ಕೊಡು ಎಂದು ಗೋಗರೆದೆ. ಅವಳು ಟ್ರಂಕು ತೆರೆದು ತೆಗೆದುಕೊಟ್ಟಳು.

"ತಗೋ. ಆದ್ರ ಉಡಿ ಹರಿವಾಣಕ್ಕ ಮಾತ್ರ ಹಾಕಬ್ಯಾಡ್ರಿ. ನನ್ನ ಕೈಯಿಂದು ಅದು," ಎಂದಳು.

ನಾನು ಹೂಂ ಎಂದೆ. ಅವ್ವನಿಗೆ ಮಾತ್ರ ಅದು ನಾನೇ ಹೆಣೆದದ್ದು ಎಂದು ಹೇಳಿದೆ. ಗಂಡ ಸತ್ತವಳ ಕೈ ತಾಗಿದ್ದನ್ನು ಮುತ್ತೈದೆಯರ ಉಡಿ ತುಂಬುವ ಅಕ್ಕಿ, ಕಾಯಿಗಳ ಹತ್ತಿರ ತರುವ ಪದ್ಧತಿ ನಮ್ಮಲ್ಲಿರಲಿಲ್ಲ. ಬೀಗರು ಬಂದ ದಿನ ಅವ್ವ ಹಿಗ್ಗಿನಿಂದ ಅದನ್ನೇ ಉಡಿ ಹರಿವಾಣದ ಮೇಲೆ ಹರಡಿದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅಕ್ಕ ಎಂದಿನಂತೆ ಹಿತ್ತಲ ಕೋಣೆಯಲ್ಲಿದ್ದಳು, ಬಂದವರ ಎದುರಿಗೆ ಬರುವ ಹಾಗಿರಲಿಲ್ಲ.

ಬಂದವರಲ್ಲಿ ಹುಡುಗನ ಸೋದರತ್ತೆಯೂ ಒಬ್ಬರು. ಅವರು ಗಂಗಾವತಿಯಲ್ಲಿ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಕಲಿಸುತ್ತಿದ್ದರು. ಅವರೂ ಗಂಡನಿಲ್ಲದವರು. ಉಡಿ ತುಂಬುವಾಗ ದೂರ, ಬಾಗಿಲ ಹತ್ತಿರ ಕೂತಿದ್ದರು. ಎಲ್ಲ ಮುಗಿದ ಮೇಲೆ ಆ ಮುಸುಕನ್ನು ಹಿಡಿದುಕೊಂಡು ನನ್ನನ್ನು ಪಡಸಾಲೆಯ ಮೂಲೆಗೆ ಕರೆದರು. ಸೂಜಿ ಕೈಗೆ ಕೊಟ್ಟು ನಾಲ್ಕು ಕಂಬ ಹಾಕಿ ತೋರಿಸು ಎಂದರು. ಹಾಕಿದೆ. ಅದೇ ಬಿಗಿದ ಹಗ್ಗ. ಅವರು ಬೆರಳಿನಿಂದ ಸವರಿ ನೋಡಿ ದನಿ ತಗ್ಗಿಸಿದರು.

"ಹೆದರಬ್ಯಾಡವ್ವ, ನಾ ಯಾರಿಗೂ ಹೇಳೂದಿಲ್ಲ. ಇದು ಯಾರ ಕೈ? ನಮ್ಮ ಸಾಲಿಗೆ ಹೆಣಿಕಿ ಕಲಸಾಕ ಒಬ್ಬಾಕಿ ಬೇಕಾಗ್ಯಾಳ. ಪಗಾರ ಕೊಡ್ತಾರ, ಇರಾಕ ನನ್ನ ಮನಿ ಐತಿ."

ಅಕ್ಕನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಮುಸುಕಿನ ಕೆಳಗಿನ ಅಕ್ಕಿಯನ್ನು ನಾಲ್ವರು ಮುತ್ತೈದೆಯರು ಆಗಷ್ಟೇ ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಸುದ್ದಿ ಹೊರಬಿದ್ದರೆ ಸಂಬಂಧ ಮುರಿಯುತ್ತದೆ, ಅವ್ವನ ಮಾನ ಹೋಗುತ್ತದೆ ಎಂದು ಹೆದರಿದೆ. ಎದುರಿಗಿದ್ದವರದೂ ಬರಿ ಹಣೆ, ಅವರು ಇದನ್ನು ತಪ್ಪೆಂದು ತಿಳಿಯುವವರಲ್ಲ ಎನ್ನುವುದು ನನ್ನ ಹೆಡ್ಡ ತಲೆಗೆ ಹೊಳೆಯಲೇ ಇಲ್ಲ.

"ನಂದರಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿ, ಆಗಲಿ ಎಂದು ಮುಸುಕನ್ನು ಮಡಚಿ ಕೊಟ್ಟರು.

ಮದುವೆಯಾಯಿತು. ಗಂಗಾವತಿಯಲ್ಲಿ ಆ ಸೋದರತ್ತೆಯ ಮನೆ ನಮ್ಮಿಂದ ಎರಡು ಓಣಿ ಆಚೆ. ಕಲಿಸುವವರು ಸಿಗದೆ ಆರು ತಿಂಗಳು ಆ ಸಾಲೆಯಲ್ಲಿ ಹೆಣಿಕೆಯ ಪಾಠ ನಡೆಯಲಿಲ್ಲ. ಹೋಗಿ ನಿಜ ಹೇಳಲು ನನಗೆ ನೂರೆಂಬತ್ತು ದಿನಗಳಿದ್ದವು. ಹೊಸ ಸೊಸೆ, ಗಂಡನ ತಾಯಿ ಏನಂದಾರೋ ಎಂದು ನಾಳೆ ನಾಳೆ ಎನ್ನುತ್ತ ದಿನ ತಳ್ಳಿದೆ. ಕೊನೆಗೆ ರಾಯಚೂರಿನ ಕಡೆಯ ಯಾರೋ ಬಂದು ಸೇರಿಕೊಂಡರು. ಹೇಳಿದ್ದರೂ ಅಪ್ಪ ಅಕ್ಕನನ್ನು ಕಳಿಸುತ್ತಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇರಬಹುದು. ಆದರೆ ಇಲ್ಲ ಎನ್ನುವುದಿದ್ದರೆ ಅದನ್ನು ಅಪ್ಪನೇ ಎನ್ನಬೇಕಿತ್ತು, ಅಕ್ಕ ಅವನ ಜೊತೆ ಜಗಳವಾಡಬೇಕಿತ್ತು. ಅದು ಅವರಿಬ್ಬರ ಮಾತು. ಅದು ಅವರ ಕಿವಿಗೇ ಬೀಳದ ಹಾಗೆ ಮಾಡಿದವಳು ನಾನು. ಅದಕ್ಕಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಪಂಚಮಿಗೆ ತವರಿಗೆ ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೈಸಿಕೊಳ್ಳಲು ತಯಾರಾಗಿಯೇ ಎದುರಿಗೆ ಕೂತಿದ್ದೆ. ಅವಳು ಮೊರ ಕೆಳಗಿಟ್ಟಳು. ಹುಡುಗಿಯರು ಎಷ್ಟು ಮಂದಿ ಎಂದು ಕೇಳಿದಳು. ಇಪ್ಪತ್ತೈದು ಇದ್ದಾರು ಎಂದೆ. ವಯಸ್ಸು ಕೇಳಿದಳು. ಎಂಟು, ಒಂಬತ್ತು ಎಂದೆ.

"ಆ ವಯಸ್ಸಿನವ್ರು ಲಗೂನ ಕಲೀತಾರ," ಎಂದಳು.

ಮತ್ತೆ ಮೊರ ಎತ್ತಿಕೊಂಡು, ಕಲ್ಲು ಆರಿಸುತ್ತ ಆರಿಸುತ್ತ, ತಲೆ ಎತ್ತದೆ ಇನ್ನೊಂದು ಕೇಳಿದಳು. ಆ ಸಾಲೆಗೆ ಕಿಟಕಿಗಳೆಷ್ಟು, ಒಳಗೆ ಹೆಣೆಯುವಷ್ಟು ಬೆಳಕು ಬರುತ್ತದೆಯೇ ಎಂದು.

ಬರುತ್ತದೆ ಎಂದೆ.