ಕೆಸರಿನಾಚೆ ನಿಂತ ಆಂಬುಲೆನ್ಸ್

ಆಂಬುಲೆನ್ಸ್ ನಮ್ಮ ಕಣ್ಣಿಗೆ ಕಾಣುತ್ತಿತ್ತು. ಕೆಸರಿನಲ್ಲಿ ಚಕ್ರ ಹೂತು ಅಲ್ಲೇ ನಿಂತುಬಿಟ್ಟಿತ್ತು. ಮಂಡಕಳ್ಳಿ ಕಡೆಯ ಬಯಲಿನ ಸಂಗೀತ ಉತ್ಸವಕ್ಕೆ ಅಕ್ಕ, ಭಾವ, ನಾನು ಹೋಗಿದ್ದೆವು. ಹಾಡು ಕೇಳುತ್ತಿದ್ದಾಗಲೇ ಭಾವ ಎದೆ ಹಿಡಿದುಕೊಂಡು ಕುಸಿದರು.

ಮೂರು ದಿನ ಸುರಿದ ಮಳೆ ಆ ಮಧ್ಯಾಹ್ನವಷ್ಟೇ ಬಿಟ್ಟಿತ್ತು. ಸಾವಿರಾರು ಜನ ತುಳಿದ ನೆಲ ನಾಟಿಗೆ ಹದ ಮಾಡಿದ ಗದ್ದೆಯಂತಾಗಿತ್ತು. ನಾಲ್ವರು ಅಪರಿಚಿತರು ಭಾವನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಹೆಜ್ಜೆಹೆಜ್ಜೆಗೂ ಅವರ ಕಾಲು ಮೊಣಕಾಲವರೆಗೆ ಹೂತುಹೋಗುತ್ತಿತ್ತು.

“ಇದು ಕೆರೆ ಅಂಗಳ ಕಣಮ್ಮ. ಮೇಲೊಂದಿಷ್ಟು ಮಣ್ಣು ಸುರ್ದವ್ರೆ ಅಷ್ಟೇ. ಮಳೆ ನಿಂತ್ರೂ ನೀರು ಇಂಗಲ್ಲ,” ಎಂದರು ಅವರಲ್ಲೊಬ್ಬರು, ಅದೇ ಊರಿನ ಹಿರಿಯರು, ಏದುಸಿರು ಬಿಡುತ್ತಾ.

ಆಂಬುಲೆನ್ಸ್‌ನಲ್ಲಿದ್ದ ನರ್ಸ್ ಇಳಿದು ಕೆಸರು ತುಳಿದುಕೊಂಡು ನಮ್ಮತ್ತ ಬಂದು ಸೇರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಭಾವನ ನಾಡಿ ಹಿಡಿದು ನೋಡಿದ ಆಕೆ, ಅಕ್ಕನ ಮುಖ ನೋಡಲಾಗದೆ ತಲೆ ತಗ್ಗಿಸಿದರು.

ಅಕ್ಕ ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಆದರೆ ಅಂದು ಗೇಟಿನ ಬಳಿ ನೆಲ ನೋಡಿ “ವಾಪಸ್ ಹೋಗೋಣ” ಎಂದ ಭಾವನನ್ನು, “ಮಳೆ ನಿಂತಿದೆಯಲ್ಲ, ಬನ್ನಿ ಭಾವ” ಎಂದು ಕೈಹಿಡಿದು ಒಳಗೆ ಕರೆದೊಯ್ದವಳು ನಾನು.